ವಿಷದ ಕಾರ್ಖಾನೆ, ಔಷಧದ ಹೆಸರು

ರಾಸಾಯನಿಕ ಅಸ್ತ್ರ ನಿಷೇಧ ಒಡಂಬಡಿಕೆಯ ಪರಿವರ್ತನಾ ನಿಯಮಗಳು: ಒಂದು ನೈತಿಕ ವಿಮರ್ಶೆ

ರಾಷ್ಟ್ರಗಳ ನಡುವಣ ಒಡಂಬಡಿಕೆಗಳನ್ನು ನ್ಯಾಯಶಾಸ್ತ್ರಜ್ಞರೂ ರಾಜತಂತ್ರಜ್ಞರೂ ಓದುತ್ತಾರೆ. ಧರ್ಮಜಿಜ್ಞಾಸುಗಳು ಓದುವುದು ವಿರಳ. ಆದರೆ ಇಂತಹ ಬರೆಹದ ಒಂದೊಂದು ಕಂಡಿಕೆಯ ಹಿಂದೆಯೂ ಮನುಷ್ಯಸ್ವಭಾವವನ್ನು ಕುರಿತ ಒಂದು ತಿಳಿವಳಿಕೆ ಅಡಗಿರುತ್ತದೆ. ತಪ್ಪೆಂದರೇನು, ಪಶ್ಚಾತ್ತಾಪವೆಂದರೇನು, ಒಮ್ಮೆ ತಪ್ಪಿದವನನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆಗಳಿಗೆ ಅದು ತನ್ನದೇ ಒಣಭಾಷೆಯಲ್ಲಿ ಉತ್ತರ ಹೇಳಿರುತ್ತದೆ. 1993ರ ಜನವರಿ 13ರಂದು ಪ್ಯಾರಿಸ್ಸಿನಲ್ಲಿ ಸಹಿಗೆ ತೆರೆದು, 1997ರ ಏಪ್ರಿಲ್ 29ರಂದು ಜಾರಿಗೆ ಬಂದ ರಾಸಾಯನಿಕ ಅಸ್ತ್ರ ನಿಷೇಧ ಒಡಂಬಡಿಕೆ ಅಂತಹ ಬರೆಹಗಳಲ್ಲಿ ಒಂದು. ಅದರ ಐದನೆಯ ವಿಧಿ ವಿಷಾಸ್ತ್ರಗಳನ್ನು ತಯಾರಿಸಿದ ಕಾರ್ಖಾನೆಗಳ ಗತಿ ಏನಾಗಬೇಕೆಂಬುದನ್ನು ಹೇಳುತ್ತದೆ. ವಿಷಕ್ಕಾಗಿ ಕಟ್ಟಿದ ಕಟ್ಟಡದಲ್ಲಿ ಔಷಧವನ್ನು ತಯಾರಿಸಬಹುದೇ? ಹಾಗೆ ಮಾಡುತ್ತೇವೆನ್ನುವವರ ಮಾತನ್ನು ಯಾವ ಆಧಾರದ ಮೇಲೆ ಒಪ್ಪಬೇಕು? ಹಿಂಸೆಯ ಸೂಕ್ಷ್ಮಗಳನ್ನು ಇಷ್ಟೊಂದು ವಿಂಗಡಿಸಿ ನೋಡಿರುವ ಜೈನ ಪರಂಪರೆಯ ಬೆಳಕಿನಲ್ಲಿ ಈ ವಿಧಿಯನ್ನು ಪರಿಶೀಲಿಸುವುದು ನಿಷ್ಪ್ರಯೋಜಕವಾಗಲಾರದು.

ಒಡಂಬಡಿಕೆಯ ಹಿನ್ನೆಲೆ

1915ರ ಏಪ್ರಿಲ್ 22ರಂದು ಬೆಲ್ಜಿಯಂ ದೇಶದ ಈಪ್ರ್ ಎಂಬಲ್ಲಿ ಜರ್ಮನ್ ಸೈನ್ಯ ಕ್ಲೋರಿನ್ ಅನಿಲವನ್ನು ಗಾಳಿಗೆ ಬಿಟ್ಟಿತು. ಎರಡು ವರ್ಷಗಳ ತರುವಾಯ, 1917ರಲ್ಲಿ, ಅದೇ ರಣಭೂಮಿಯಲ್ಲಿ ಸಾಸಿವೆ ಅನಿಲ ಕಾಣಿಸಿಕೊಂಡಿತು. ಇದು ಸೋಕಿದ ಕೂಡಲೇ ನೋವಿಲ್ಲ. ಹಲವು ಗಂಟೆಗಳು ಕಳೆದ ಮೇಲೆ ಚರ್ಮ ಬೊಬ್ಬೆಯೇಳುತ್ತದೆ, ಕಣ್ಣು ಮುಚ್ಚಿಹೋಗುತ್ತದೆ, ಉಸಿರಿನ ದಾರಿ ಸುಡುತ್ತದೆ. ಬದುಕುಳಿದವರು ದಶಕಗಳ ಕಾಲ ಆ ಗಾಯವನ್ನು ಹೊತ್ತು ನಡೆಯುತ್ತಾರೆ. 1988ರ ಮಾರ್ಚ್ 16ರಂದು ಇರಾಕಿನ ಹಲಬ್ಜಾ ಪಟ್ಟಣದ ಮೇಲೆ ಆ ದೇಶದ ಸರಕಾರವೇ ವಿಷಾನಿಲ ಸುರಿದಾಗ ಸುಮಾರು 5,000 ಜನ ಸತ್ತರು. ಅವರಲ್ಲಿ ಬಹುಪಾಲು ಆಯುಧ ಹಿಡಿಯದ ಸಾಮಾನ್ಯರು.

ಮೊದಲನೆಯ ಮಹಾಯುದ್ಧದ ಅನುಭವದಿಂದ 1925ರಲ್ಲಿ ಜಿನೀವಾದಲ್ಲಿ ಒಂದು ಒಪ್ಪಂದವಾಯಿತು. ಅದು ಯುದ್ಧದಲ್ಲಿ ವಿಷಾನಿಲದ ಪ್ರಯೋಗವನ್ನು ನಿಷೇಧಿಸಿತು. ಆದರೆ ತಯಾರಿಕೆಯನ್ನಾಗಲಿ ಸಂಗ್ರಹವನ್ನಾಗಲಿ ನಿಷೇಧಿಸಲಿಲ್ಲ. ಪ್ರಯೋಗಿಸದಿರುವ ಮಾತು ಕೊಟ್ಟು, ಪ್ರಯೋಗಕ್ಕೆ ಬೇಕಾದುದನ್ನೆಲ್ಲ ಉಗ್ರಾಣದಲ್ಲಿ ತುಂಬಿಟ್ಟುಕೊಳ್ಳಲು ರಾಷ್ಟ್ರಗಳಿಗೆ ಅಡ್ಡಿಯಿರಲಿಲ್ಲ.

ಈ ಕೊರತೆಯನ್ನು ಗುರುತಿಸಲು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯಕ್ಕಿಂತ ಹೆಚ್ಚಿನ ಸಾಧನ ಬೇಕಿಲ್ಲ. ಕರ್ಮಾಸ್ರವಕ್ಕೆ ಆಧಾರವಾದ ಜೀವಾಧಿಕರಣವನ್ನು ಉಮಾಸ್ವಾಮಿಗಳು ಸಂರಂಭ, ಸಮಾರಂಭ, ಆರಂಭವೆಂದು ವಿಭಾಗಿಸಿದ್ದಾರೆ. ಮನಸ್ಸಿನಲ್ಲಿ ನಿಶ್ಚಯಿಸುವುದು ಸಂರಂಭ, ಸಾಧನಗಳನ್ನು ಕೂಡಿಸುವುದು ಸಮಾರಂಭ, ಕೆಲಸಕ್ಕೆ ಕೈಹಾಕುವುದು ಆರಂಭ. ಇವನ್ನು ಮನ, ವಚನ, ಕಾಯಗಳಿಂದಲೂ ಕೃತ, ಕಾರಿತ, ಅನುಮತಗಳಿಂದಲೂ ನಾಲ್ಕು ಕಷಾಯಗಳಿಂದಲೂ ಗುಣಿಸಿದಾಗ ಬರುವ 108ರ ಲೆಕ್ಕ ಜಪಮಾಲೆಯನ್ನು ಹಿಡಿದ ಪ್ರತಿಯೊಬ್ಬ ಶ್ರಾವಕನಿಗೂ ಪರಿಚಿತವೇ. 1925ರ ಒಪ್ಪಂದ ಈ ಸರಪಳಿಯ ಕೊನೆಯ ಕೊಂಡಿಯನ್ನು ಮಾತ್ರ ಮುಟ್ಟಿತು. ಸಮಾರಂಭ ಮುಗಿದು ನಿಂತಿರುವಾಗ ಆರಂಭವನ್ನು ತಡೆಯುವುದು ಎಷ್ಟು ಕಷ್ಟವೆಂಬುದಕ್ಕೆ ಹಲಬ್ಜಾ ಸಾಕ್ಷಿ.

1993ರ ಒಡಂಬಡಿಕೆ ಹಿಂದಿನ ಕೊಂಡಿಗಳಿಗೂ ಕೈಹಾಕಿತು. ಅದರ ಮೊದಲ ವಿಧಿ ಅಸ್ತ್ರಗಳ ಅಭಿವೃದ್ಧಿ, ತಯಾರಿಕೆ, ಸಂಗ್ರಹ, ವರ್ಗಾವಣೆಗಳನ್ನು ನಿಷೇಧಿಸಿ, ಇತರರು ಅಂತಹ ಕೆಲಸ ಮಾಡುವಂತೆ ನೆರವಾಗುವುದನ್ನೂ ಉತ್ತೇಜಿಸುವುದನ್ನೂ ಪ್ರೇರೇಪಿಸುವುದನ್ನೂ ನಿಷೇಧಿಸುತ್ತದೆ. ತಾನೇ ಮಾಡುವುದು, ಮಾಡಿಸುವುದು, ಮಾಡುವವರಿಗೆ ಬೆಂಬಲವಾಗುವುದು ಎಂಬ ಮೂರನ್ನೂ ಒಂದೇ ವಿಧಿಯಲ್ಲಿ ಕಟ್ಟಿಹಾಕಿದ ಈ ಕ್ರಮ ಕೃತ, ಕಾರಿತ, ಅನುಮತಗಳ ವಿವೇಚನೆಗೆ ಬಹಳ ಸಮೀಪ ಬಂದಿದೆ. ಜೈನ ಗ್ರಂಥಗಳನ್ನು ನೋಡಿ ಬರೆದದ್ದಲ್ಲವೆಂಬುದು ನಿಜ. ಸೋಲಿನ ಮೇಲೆ ಸೋಲನ್ನು ಕಂಡು ರಾಜತಂತ್ರಜ್ಞರು ತಲುಪಿದ ತೀರ್ಮಾನಕ್ಕೆ ಆಚಾರ್ಯರು ಆತ್ಮಪರೀಕ್ಷೆಯ ದಾರಿಯಿಂದ ಬಹು ಹಿಂದೆಯೇ ತಲುಪಿದ್ದರು.

ಕೆಡಹುವುದೇ, ಉಳಿಸುವುದೇ?

ಐದನೆಯ ವಿಧಿಯ ಪ್ರಕಾರ 1946ರ ಜನವರಿ 1ರಿಂದ ಈಚೆಗೆ ಎಂದಾದರೂ ರಾಸಾಯನಿಕ ಅಸ್ತ್ರವನ್ನು ತಯಾರಿಸಲು ರಚಿತವಾದ ಅಥವಾ ಬಳಕೆಯಾದ ಪ್ರತಿಯೊಂದು ಕಾರ್ಖಾನೆಯನ್ನೂ ಸದಸ್ಯರಾಷ್ಟ್ರ ಘೋಷಿಸಬೇಕು, ಮುಚ್ಚಬೇಕು, ನಾಶಮಾಡಬೇಕು. ಇದು ಸಾಮಾನ್ಯ ನಿಯಮ. ಅದರ ಬದಿಯಲ್ಲಿ ಒಂದು ಅಪವಾದವಿದೆ: ಅನಿವಾರ್ಯವಾದ ಅಗತ್ಯವಿದೆಯೆಂದು ತೋರಿಸಿಕೊಟ್ಟರೆ ಕಾರ್ಖಾನೆಯನ್ನು ಶಾಂತಿಯುತ ಬಳಕೆಗೆ ಪರಿವರ್ತಿಸಿಕೊಳ್ಳಬಹುದು.

ಈ ಅಪವಾದ ಜಿನೀವಾದ ಮಾತುಕತೆಯಲ್ಲಿ ಸುಲಭವಾಗಿ ಒಳಸೇರಲಿಲ್ಲ. 1992ರಲ್ಲಿ ಕರಡು ಅಂತಿಮ ರೂಪಕ್ಕೆ ಬರುವ ವೇಳೆಗೆ ಸೋವಿಯತ್ ಒಕ್ಕೂಟ ಒಡೆದುಹೋಗಿತ್ತು. ಅದರ ವಿಷಾಸ್ತ್ರಗಳೂ ಕಾರ್ಖಾನೆಗಳೂ ರಷ್ಯದ ಪಾಲಿಗೆ ಬಂದಿದ್ದವು. ವೋಲ್ಗಾ ತೀರದ ವೋಲ್ಗೊಗ್ರಾದ್, ನೊವೊಚೆಬೊಕ್ಸಾರ್ಸ್ಕ್ ಮುಂತಾದ ನಗರಗಳಲ್ಲಿ ನರವಿಷ ತಯಾರಾದ ಆವರಣಗಳ ಮಗ್ಗುಲಲ್ಲೇ ಸಾಧಾರಣ ರಾಸಾಯನಿಕ ಉದ್ಯಮವೂ ಇತ್ತು, ಅದನ್ನು ನಂಬಿದ ಕುಟುಂಬಗಳೂ ಇದ್ದವು. ಬೊಕ್ಕಸ ಬರಿದಾಗಿದ್ದ ರಾಷ್ಟ್ರ ಅವೆಲ್ಲವನ್ನೂ ನೆಲಸಮ ಮಾಡುವುದು ದುಸ್ಸಾಧ್ಯವೆಂದು ರಷ್ಯದ ಪ್ರತಿನಿಧಿಗಳು ಪಟ್ಟುಹಿಡಿದರು. ಇನ್ನೊಂದು ಪಕ್ಷದ ಆತಂಕವೂ ನಿರಾಧಾರವಾಗಿರಲಿಲ್ಲ: ಇಂದು ಬಣ್ಣವನ್ನೋ ಕೀಟನಾಶಕವನ್ನೋ ತಯಾರಿಸುವ ಹಳೆಯ ಅಸ್ತ್ರಾಗಾರ, ಸಂಬಂಧ ಕೆಟ್ಟ ದಿನ, ಕೆಲವೇ ವಾರಗಳಲ್ಲಿ ಮತ್ತೆ ಅಸ್ತ್ರ ತಯಾರಿಕೆಗೆ ತಿರುಗಲಾರದೆ?

ಕೊನೆಗೆ ಉಂಟಾದ ಒಪ್ಪಿಗೆಯ ಅಳತೆಗೋಲು ಗಮನಾರ್ಹವಾದುದು. ಪರಿವರ್ತಿತ ಕಾರ್ಖಾನೆ, ಶಾಂತಿಯುತ ಉದ್ದೇಶಕ್ಕೆ ಬಳಕೆಯಾಗುವ ಬೇರಾವುದೇ ಸಾಮಾನ್ಯ ಕಾರ್ಖಾನೆಗಿಂತ ಹೆಚ್ಚು ಸುಲಭವಾಗಿ ಅಸ್ತ್ರಾಗಾರವಾಗುವಂತಿರಬಾರದು. ವಿಷ ತಯಾರಿಕೆಗೆಂದೇ ರಚಿಸಿದ ವಿಶೇಷ ಯಂತ್ರಗಳೆಲ್ಲ ನಾಶವಾಗಬೇಕು. ಸಾಧಾರಣ ಕಟ್ಟಡಗಳಲ್ಲಿ ಕಾಣದ ವಿಶೇಷ ರಚನೆಗಳನ್ನು ತೆಗೆದುಹಾಕಬೇಕು. ಒಡಂಬಡಿಕೆಯ ಒಂದನೆಯ ಮತ್ತು ಎರಡನೆಯ ಪಟ್ಟಿಗಳ ರಾಸಾಯನಿಕಗಳನ್ನು ಅಲ್ಲಿ ತಯಾರಿಸುವಂತಿಲ್ಲ, ಬಳಸುವಂತಿಲ್ಲ. ಪರಿವರ್ತನೆ ಪೂರ್ಣವಾಯಿತೆಂದು ಮಹಾನಿರ್ದೇಶಕರು ಪ್ರಮಾಣೀಕರಿಸಿದ ಮೇಲೂ ಹತ್ತು ವರ್ಷಗಳ ಕಾಲ ಪರೀಕ್ಷಕರಿಗೆ ಯಾವ ವೇಳೆಯಲ್ಲಾದರೂ ತಡೆಯಿಲ್ಲದ ಪ್ರವೇಶವಿರಬೇಕು. ಆ ಅವಧಿ ಮುಗಿದಾಗ ಮುಂದಿನ ಪರಿಶೀಲನೆಯ ಸ್ವರೂಪವನ್ನು ಹೇಗ್ ನಗರದಲ್ಲಿರುವ ಸಂಸ್ಥೆಯ ಕಾರ್ಯಕಾರಿ ಮಂಡಳಿ ನಿರ್ಧರಿಸುತ್ತದೆ. ಪರಿವರ್ತನೆಯ ಕೆಲಸವೆಲ್ಲ ಒಡಂಬಡಿಕೆ ಜಾರಿಗೆ ಬಂದ ಆರು ವರ್ಷಗಳೊಳಗೆ, ಎಂದರೆ 2003ರ ಏಪ್ರಿಲ್ ಒಳಗೆ, ಮುಗಿಯಬೇಕೆಂಬುದು ಮೂಲ ನಿಯಮ.

ಮುಂದಿನ ವರ್ಷಗಳಲ್ಲಿ ಒಟ್ಟು 14 ರಾಷ್ಟ್ರಗಳು ಇಂತಹ 97 ಕಾರ್ಖಾನೆಗಳನ್ನು ಘೋಷಿಸಿದವು. ಅವುಗಳಲ್ಲಿ 74 ನಾಶವಾದವು, 23 ಪರಿವರ್ತನೆಗೊಂಡವು. ಅಪವಾದವೆಂದು ಬರೆದುದು ಆಚರಣೆಯಲ್ಲಿ ನಾಲ್ಕನೆಯ ಒಂದು ಭಾಗದಷ್ಟಾಯಿತು. ಹೀಗಾಗಿ ಅಪವಾದದ ಗುಣದೋಷಗಳನ್ನು ವಿಚಾರಿಸದೆ ನಿಯಮವನ್ನು ಮಾತ್ರ ಹೊಗಳುವುದು ಅಪೂರ್ಣ ವಿಮರ್ಶೆಯಾಗುತ್ತದೆ.

ರಬ್ತಾದ ಪ್ರಕರಣ

ಪರಿವರ್ತನೆಯ ನಿಯಮಗಳು ಕಠಿಣ ಪರೀಕ್ಷೆಗೆ ಒಳಗಾದುದು ಲಿಬಿಯಾ ದೇಶದ ರಬ್ತಾ ಎಂಬಲ್ಲಿ. ರಾಜಧಾನಿ ಟ್ರಿಪೋಲಿಯ ನೈಋತ್ಯಕ್ಕಿರುವ ಈ ಸ್ಥಳದಲ್ಲಿ 1980ರ ದಶಕದಲ್ಲಿ ಒಂದು ದೊಡ್ಡ ಕಾರ್ಖಾನೆ ಎದ್ದಿತು. ಇದು ಔಷಧದ ಕಾರ್ಖಾನೆ ಎಂದು ಲಿಬಿಯಾ ಸರಕಾರ ಹೇಳಿತು. ಇಲ್ಲಿ ಸಾಸಿವೆ ಅನಿಲ ತಯಾರಾಗುತ್ತಿದೆಯೆಂದು ಅಮೆರಿಕ 1988ರಲ್ಲಿ ಬಹಿರಂಗವಾಗಿ ಆಪಾದಿಸಿತು. ಅದರ ನಿರ್ಮಾಣದಲ್ಲಿ ಪಶ್ಚಿಮ ಜರ್ಮನಿಯ ಇಮ್‌ಹೌಸೆನ್ ಕಂಪನಿಯ ಪಾತ್ರ ಬೆಳಕಿಗೆ ಬಂದಾಗ ಮೊದಮೊದಲು ಸಾಕಷ್ಟು ಸಾಕ್ಷ್ಯವಿಲ್ಲವೆಂದ ಜರ್ಮನ್ ಸರಕಾರ, ಬಳಿಕ ತನ್ನ ರಫ್ತು ಕಾನೂನನ್ನೇ ಬಿಗಿಗೊಳಿಸಬೇಕಾಯಿತು. ಕಂಪನಿಯ ಮುಖ್ಯಸ್ಥರಿಗೆ 1990ರಲ್ಲಿ ಜರ್ಮನ್ ನ್ಯಾಯಾಲಯ ಐದು ವರ್ಷಗಳ ಸೆರೆವಾಸವನ್ನು ವಿಧಿಸಿತು.

2003ರ ಡಿಸೆಂಬರ್ 19ರಂದು, ಅಮೆರಿಕ ಮತ್ತು ಬ್ರಿಟನ್ ದೇಶಗಳೊಡನೆ ಹಲವು ತಿಂಗಳ ಗುಪ್ತ ಮಾತುಕತೆಯಾದ ಮೇಲೆ, ಲಿಬಿಯಾ ತನ್ನ ಸಾಮೂಹಿಕ ವಿನಾಶಾಸ್ತ್ರಗಳ ಯೋಜನೆಗಳನ್ನೆಲ್ಲ ತ್ಯಜಿಸುವುದಾಗಿ ಪ್ರಕಟಿಸಿತು. 2004ರ ಫೆಬ್ರವರಿಯಲ್ಲಿ ಅದು ಒಡಂಬಡಿಕೆಯ ಸದಸ್ಯನಾಯಿತು. ವಿಷ ತುಂಬದೆ ಇರಿಸಿದ್ದ 3,500ಕ್ಕೂ ಹೆಚ್ಚು ವಿಮಾನ ಬಾಂಬುಗಳನ್ನು ಪರೀಕ್ಷಕರ ಕಣ್ಣೆದುರಿನಲ್ಲಿ ಯಂತ್ರಗಳಿಂದ ಜಜ್ಜಿಹಾಕಲಾಯಿತು. ಸುಮಾರು 23 ಟನ್ ಸಾಸಿವೆ ಅನಿಲವನ್ನು ಲಿಬಿಯಾ ಘೋಷಿಸಿತು. ಅದರೊಂದಿಗೆ ಒಂದು ಬೇಡಿಕೆಯನ್ನೂ ಇಟ್ಟಿತು: ರಬ್ತಾವನ್ನು ಕೆಡಹುವ ಬದಲು ಔಷಧಾಲಯವನ್ನಾಗಿ ಪರಿವರ್ತಿಸಿ, ಆಫ್ರಿಕದ ಜನರನ್ನು ಕಾಡುವ ಏಡ್ಸ್, ಮಲೇರಿಯ, ಕ್ಷಯ ರೋಗಗಳಿಗೆ ಮದ್ದನ್ನು ಅಲ್ಲಿ ತಯಾರಿಸಲು ಅನುಮತಿ ಬೇಕು.

ಬೇಡಿಕೆ ಒಳ್ಳೆಯದು; ಆದರೆ ಕಾಲ ಮೀರಿತ್ತು. ಆರು ವರ್ಷಗಳ ಗಡುವು ಲಿಬಿಯಾ ಸದಸ್ಯನಾಗುವ ಮುನ್ನವೇ ಕಳೆದಿತ್ತು. ನಿಯಮವನ್ನು ಅಕ್ಷರಶಃ ಓದಿದರೆ ರಬ್ತಾ ನೆಲಸಮವಾಗಲೇಬೇಕಿತ್ತು. ತಡವಾಗಿ ಬಂದವರಿಗೆ ಬಾಗಿಲು ತೆರೆಯಬೇಕೆಂಬುದಕ್ಕೆ ಗುಪ್ತ ಮಾತುಕತೆಯಲ್ಲಿ ಪಾಲ್ಗೊಂಡಿದ್ದ ರಾಷ್ಟ್ರಗಳ ಬೆಂಬಲವೂ ದೊರೆಯಿತು. ಇಡೀ ಒಡಂಬಡಿಕೆಯನ್ನು ತಿದ್ದುವ ದೀರ್ಘ ವಿಧಾನಕ್ಕೆ ಹೋಗದೆ, ಹದಿನೈದನೆಯ ವಿಧಿ ಕೊಡುವ ಸರಳ ದಾರಿಯನ್ನು ಹಿಡಿದು, ಪರಿಶೀಲನಾ ಅನುಬಂಧದ ಐದನೆಯ ಭಾಗಕ್ಕೆ '72 ಬಿಸ್' ಎಂಬ ಹೊಸ ಕಂಡಿಕೆಯನ್ನು ಸೇರಿಸಲಾಯಿತು. ಅದು 2005ರ ಜನವರಿ 31ರಂದು ಜಾರಿಗೆ ಬಂತು. ಗಡುವಿನ ತರುವಾಯ ಸೇರುವ ರಾಷ್ಟ್ರ ಪರಿವರ್ತನೆಗೆ ಮನವಿ ಸಲ್ಲಿಸಲು ಕಾರ್ಯಕಾರಿ ಮಂಡಳಿ ದಿನ ನಿಗದಿಪಡಿಸಬಹುದು. ಕೆಲಸ ಆದಷ್ಟು ಬೇಗ, ಹೆಚ್ಚೆಂದರೆ ಆ ರಾಷ್ಟ್ರ ಸೇರಿದ ಆರು ವರ್ಷಗಳೊಳಗೆ, ಮುಗಿಯಬೇಕು ಎಂಬುದು ಅದರ ಸಾರ.

ಒಂದು ರಾಷ್ಟ್ರದ ಹಠವನ್ನು ಮನ್ನಿಸಿ ನಿಯಮವನ್ನೇ ಬಗ್ಗಿಸಲಾಯಿತೆಂದು ಇದನ್ನು ಆಕ್ಷೇಪಿಸಬಹುದು. ಆದರೆ ಈ ಆಕ್ಷೇಪ ಪೂರ್ತಿ ಸರಿಯಲ್ಲ. ಪಾಪವನ್ನು ಬಿಡುವವನಿಗೆ ಗಡುವನ್ನು ತೋರಿಸಿ ಹಿಂದಕ್ಕೆ ಕಳುಹಿಸುವ ಪದ್ಧತಿ ಯಾವ ಧರ್ಮಮಾರ್ಗದಲ್ಲಿಯೂ ಇಲ್ಲ. ತಡವಾಗಿ ಬಂದವರಿಗೂ ದಾರಿಯಿದೆಯೆಂದರೆ ಮಾತ್ರ ಹೊರಗೆ ಉಳಿದವರು ಒಳಗೆ ಬರುವ ಮನಸ್ಸು ಮಾಡಿಯಾರು. ಹೊಸ ಕಂಡಿಕೆ ಕಾಲದ ಮಿತಿಯನ್ನು ಸಡಿಲಿಸಿತೇ ವಿನಾ ಪರಿವರ್ತನೆಯ ಷರತ್ತುಗಳಲ್ಲಿ ಒಂದನ್ನೂ ಸಡಿಲಿಸಲಿಲ್ಲ. ಈ ವಿವೇಕಕ್ಕಾಗಿ ಅದನ್ನು ರಚಿಸಿದವರು ಮೆಚ್ಚಿಗೆಗೆ ಅರ್ಹರು.

ನಾಲ್ಕು ನಿಕ್ಷೇಪಗಳ ಒರೆಗಲ್ಲು

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. 1988ರಲ್ಲಿ ರಬ್ತಾ 'ಔಷಧದ ಕಾರ್ಖಾನೆ'ಯಾಗಿತ್ತು; 2004ರ ಮನವಿಯಲ್ಲಿಯೂ ಅದು 'ಔಷಧದ ಕಾರ್ಖಾನೆ'ಯೇ. ಮಾತು ಅದೇ ಆಗಿರುವಾಗ ವಸ್ತುವಿನಲ್ಲಾದ ವ್ಯತ್ಯಾಸವನ್ನು ತಿಳಿಯುವುದು ಹೇಗೆ? ಇಲ್ಲಿ ಜೈನ ನ್ಯಾಯದ ನಿಕ್ಷೇಪ ಸಿದ್ಧಾಂತ ನೆರವಿಗೆ ಬರುತ್ತದೆ. ಒಂದು ಶಬ್ದವನ್ನು ನಾಮ, ಸ್ಥಾಪನಾ, ದ್ರವ್ಯ, ಭಾವಗಳೆಂಬ ನಾಲ್ಕು ನೆಲೆಗಳಲ್ಲಿ ಬಳಸಬಹುದೆಂದೂ, ನೆಲೆಯನ್ನು ಅರಿಯದೆ ಅರ್ಥ ಮಾಡಿದರೆ ಮೋಸಹೋಗುವುದು ನಿಶ್ಚಯವೆಂದೂ ಆಚಾರ್ಯರು ಎಚ್ಚರಿಸಿದ್ದಾರೆ. ಗುಣವಿಲ್ಲದಿದ್ದರೂ ವ್ಯವಹಾರಕ್ಕಾಗಿ ಹೆಸರಿಡುವುದು ನಾಮನಿಕ್ಷೇಪ. ಒಂದರಲ್ಲಿ ಇನ್ನೊಂದನ್ನು ಆರೋಪಿಸುವುದು ಸ್ಥಾಪನಾ. ಹಿಂದೆ ಆಗಿದ್ದ ಅಥವಾ ಮುಂದೆ ಆಗಲಿರುವ ಸ್ಥಿತಿಯಿಂದ ವಸ್ತುವನ್ನು ಕರೆಯುವುದು ದ್ರವ್ಯ. ಪಟ್ಟಕ್ಕೆ ಬರಲಿರುವ ಕುಮಾರನನ್ನು ಅರಸನೆಂದಂತೆ. ಈಗ ನಿಜವಾಗಿ ಇರುವ ಸ್ಥಿತಿಯಿಂದ ಕರೆಯುವುದು ಭಾವ.

1988ರ ರಬ್ತಾ ನಾಮಮಾತ್ರದ ಔಷಧಾಲಯ. 2004ರ ಮನವಿಯಲ್ಲಿದ್ದುದು ದ್ರವ್ಯದೃಷ್ಟಿಯ ಔಷಧಾಲಯ. ಮುಂದೆ ಆಗಲಿರುವುದೆಂಬ ಭರವಸೆ. ಅದೇ ದ್ರವ್ಯದೃಷ್ಟಿಯಿಂದ, ಹಿಂದೆ ಆಗಿದ್ದುದನ್ನು ನೋಡಿದರೆ, ಅದು ವಿಷಾಗಾರವೂ ಹೌದು. ಐದನೆಯ ವಿಧಿಯ ಶಕ್ತಿ ಇರುವುದು ಈ ಎರಡು ಮುಖಗಳನ್ನೂ ಮರೆಯದಿರುವುದರಲ್ಲಿ. ಫಲಕದ ಮೇಲಿನ ಹೆಸರಿಗೆ ಅದು ಬೆಲೆ ಕೊಡುವುದಿಲ್ಲ. ವಿಶೇಷ ಯಂತ್ರಗಳ ನಾಶವನ್ನು ಬಯಸುವ ಮೂಲಕ ಹಿಂದಿನ ಸ್ಥಿತಿಗೆ ಮರಳುವ ಯೋಗ್ಯತೆಯನ್ನು ಕುಗ್ಗಿಸುತ್ತದೆ. ಹತ್ತು ವರ್ಷಗಳ ತೆರೆದ ಬಾಗಿಲನ್ನು ಬಯಸುವ ಮೂಲಕ ಭಾವಸ್ಥಿತಿಯನ್ನು ಮತ್ತೆ ಮತ್ತೆ ನೋಡಿ ಖಚಿತಪಡಿಸಿಕೊಳ್ಳುತ್ತದೆ. ದೀಕ್ಷೆ ಪಡೆದ ದಿನವೇ ಸಾಧನೆ ಮುಗಿಯಿತೆಂದು ಸಂಘ ತಿಳಿಯುವುದಿಲ್ಲ. ಪ್ರಮಾಣಪತ್ರ ಸಿಕ್ಕ ದಿನವೇ ಪರಿವರ್ತನೆ ಮುಗಿಯಿತೆಂದು ಈ ವಿಧಿಯೂ ತಿಳಿಯುವುದಿಲ್ಲ.

ಅನೇಕಾಂತದ ದೃಷ್ಟಿಯಿಂದ ಪರಿವರ್ತನೆಯ ಪಕ್ಷದಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಲೋಹ ಜೀವವಿಲ್ಲದ್ದು, ಅದಕ್ಕೆ ಪಾಪವಿಲ್ಲ. ಅಜೀವಾಧಿಕರಣ ಪಾಪಕ್ಕೆ ಆಧಾರವಾಗುವುದು ಜೀವದ ಕಷಾಯ ಅದನ್ನು ಬಳಸಿದಾಗ. ಒಂದು ಬಡ ಭೂಖಂಡಕ್ಕೆ ಮದ್ದು ಬೇಕಾಗಿರುವಾಗ ಬಳಸಬಹುದಾದ ಗೋಡೆಯನ್ನು ಸಿಟ್ಟಿನಿಂದ ಕೆಡಹುವುದರಲ್ಲಿ ಪುಣ್ಯವೇನೂ ಇಲ್ಲ. ಆದರೆ ಲೋಹಕ್ಕೆ ಪಾಪವಿಲ್ಲವೆಂಬ ಇದೇ ಮಾತು ಇನ್ನೊಂದು ಕಡೆಗೂ ಹರಿತವಾಗಿದೆ: ಲೋಹವನ್ನು ಶುದ್ಧಮಾಡಿದ್ದರಿಂದ ಮನುಷ್ಯ ಶುದ್ಧನಾಗುವುದಿಲ್ಲ.

ಉಳಿದ ಶಲ್ಯ

ಇದನ್ನು ಸ್ಪಷ್ಟಪಡಿಸಿದ ಘಟನೆ 2011ರಲ್ಲಿ ನಡೆಯಿತು. ಲಿಬಿಯಾದ ಆಡಳಿತ ಆಂತರಿಕ ಯುದ್ಧದಲ್ಲಿ ಉರುಳಿದ ಮೇಲೆ, ಹಿಂದಿನ ಸರಕಾರ ಘೋಷಿಸದೆ ಮುಚ್ಚಿಟ್ಟಿದ್ದ ರಾಸಾಯನಿಕ ಅಸ್ತ್ರಗಳನ್ನು ಹೊಸ ಅಧಿಕಾರಿಗಳು ಆ ವರ್ಷದ ನವೆಂಬರಿನಲ್ಲಿ ಹೇಗ್ ಸಂಸ್ಥೆಯ ಗಮನಕ್ಕೆ ತಂದರು. 2012ರ ಜನವರಿಯಲ್ಲಿ ಸ್ಥಳಕ್ಕೆ ಹೋದ ಪರೀಕ್ಷಕರು ಅವು ಮುಖ್ಯವಾಗಿ ಸಾಸಿವೆ ಅನಿಲ ತುಂಬಿದ ಫಿರಂಗಿ ಗುಂಡುಗಳೆಂದು ದೃಢಪಡಿಸಿದರು. ರಬ್ತಾದಲ್ಲಿ ರೋಗಿಗಳಿಗೆ ಮದ್ದು ತಯಾರಿಸುವ ಮಾತುಕತೆ ಹೇಗ್‌ನಲ್ಲಿ ನಡೆಯುತ್ತಿದ್ದ ಕಾಲದಲ್ಲಿಯೇ, ಅದೇ ಸರಕಾರದ ಉಗ್ರಾಣದಲ್ಲಿ ಆ ಗುಂಡುಗಳು ಬಿದ್ದಿದ್ದವು.

ಜೈನ ಆಚಾರದಲ್ಲಿ ಪ್ರಾಯಶ್ಚಿತ್ತದ ಮೊದಲ ಮೆಟ್ಟಿಲು ಆಲೋಚನೆ, ಎಂದರೆ ಗುರುವಿನ ಮುಂದೆ ದೋಷವನ್ನು ಇದ್ದಂತೆ ಒಪ್ಪಿಸುವುದು. ಅರ್ಧವನ್ನು ಹೇಳಿ ಅರ್ಧವನ್ನು ಬಚ್ಚಿಟ್ಟ ಆಲೋಚನೆ ಸ್ವತಃ ಒಂದು ದೋಷವೆಂದು ಶಾಸ್ತ್ರ ಎಣಿಸುತ್ತದೆ. ಮಾಯೆ, ಮಿಥ್ಯಾತ್ವ, ನಿದಾನಗಳೆಂಬ ಮೂರು ಶಲ್ಯಗಳನ್ನು ಕಿತ್ತುಹಾಕದವನು ಎಷ್ಟು ನಿಯಮಗಳನ್ನು ಹಿಡಿದರೂ ವ್ರತಿಯಾಗುವುದಿಲ್ಲ. ಒಳಗೆ ಮುಳ್ಳು ಉಳಿದ ಗಾಯ ಮೇಲೆ ಮಾಯ್ದಂತೆ ಕಂಡರೂ ಕೀವು ಕಟ್ಟುತ್ತಲೇ ಇರುತ್ತದೆ. ಕನ್ನಡ ನಾಡಿನ ಶ್ರಾವಕರಿಗೆ ಶಲ್ಯವೆಂಬ ಮಾತು ಬಂದೊಡನೆ ನೆನಪಾಗುವುದು ಬಾಹುಬಲಿಯ ಕಥೆ. ಅಲ್ಲಿಯೂ ಸಂಧಾನವೊಂದು ನಡೆಯುತ್ತದೆ. ಎರಡು ಸೇನೆಗಳು ಕಾದಿ ಸಾಯುವುದು ಬೇಡವೆಂದು ಮಂತ್ರಿಗಳು ಕೂಡಿ ಆಲೋಚಿಸಿ, ಅಣ್ಣತಮ್ಮಂದಿರ ನಡುವೆ ದೃಷ್ಟಿ, ಜಲ, ಮಲ್ಲ ಯುದ್ಧಗಳನ್ನು ಮಾತ್ರ ಗೊತ್ತುಪಡಿಸುತ್ತಾರೆ. ಗೆದ್ದವನು ರಾಜ್ಯವನ್ನೇ ತೊರೆದು ಬಳ್ಳಿ ಹಬ್ಬುವವರೆಗೆ ನಿಂತರೂ, ಮನಸ್ಸಿನ ಮೂಲೆಯಲ್ಲಿ ಉಳಿದ ಕಿರಿದಾದ ಶಲ್ಯ ಕೇವಲಜ್ಞಾನವನ್ನು ತಡೆದು ನಿಲ್ಲಿಸಿತು. ಸರ್ವಸ್ವವನ್ನೂ ಬಿಟ್ಟ ಮಹಾತ್ಮನಿಗೇ ಆ ತಡೆ ಉಂಟಾಗಿರುವಾಗ, ಬಿಟ್ಟೆನೆಂದು ಹೇಳಿ ಬಚ್ಚಿಟ್ಟ ಪ್ರಭುತ್ವದ ಮಾತೇನು?

ಈ ಒರೆಗಲ್ಲನ್ನು ಪರದೇಶಕ್ಕೆ ಮಾತ್ರ ಹಿಡಿಯುವುದು ನ್ಯಾಯವಲ್ಲ. 1992ರ ಆಗಸ್ಟಿನಲ್ಲಿ ಭಾರತವೂ ಪಾಕಿಸ್ತಾನವೂ ರಾಸಾಯನಿಕ ಅಸ್ತ್ರಗಳನ್ನು ಎಂದಿಗೂ ತಯಾರಿಸುವುದಿಲ್ಲ, ಪಡೆಯುವುದಿಲ್ಲ, ಬಳಸುವುದಿಲ್ಲವೆಂದು ಜಂಟಿಯಾಗಿ ಘೋಷಿಸಿದವು. ಐದು ವರ್ಷಗಳ ಮೇಲೆ, 1997ರ ಜೂನ್‌ನಲ್ಲಿ, ತನ್ನಲ್ಲಿ ಅಂತಹ ಅಸ್ತ್ರಗಳೂ ತಯಾರಿಕಾ ಸೌಲಭ್ಯಗಳೂ ಇವೆಯೆಂದು ಭಾರತ ಒಪ್ಪಿಕೊಂಡಿತು. ಘೋಷಿತ ಸಂಗ್ರಹ ಸುಮಾರು 1,044 ಟನ್ ಸಾಸಿವೆ ಅನಿಲ. ಅಹಿಂಸೆಯ ನಾಡೆಂದು ಹೆಮ್ಮೆಪಡುವವರು ಆ ಐದು ವರ್ಷಗಳ ಮೌನವನ್ನು ಸತ್ಯಾಣುವ್ರತದ ಅಡಿಯಲ್ಲಿ ಲೆಕ್ಕಕ್ಕೆ ಹಿಡಿಯಲೇಬೇಕು. ಆದರೆ ಲೆಕ್ಕದ ಇನ್ನೊಂದು ಪುಟವೂ ಇದೆ. ಒಡಂಬಡಿಕೆ ಜಾರಿಗೆ ಬಂದೊಡನೆ ಯಾರ ಬಲವಂತವೂ ಇಲ್ಲದೆ ಒಪ್ಪಿಸಿಕೊಂಡು, ಪರೀಕ್ಷಕರ ಸಮ್ಮುಖದಲ್ಲಿ 2009ರ ವೇಳೆಗೆ ಸಂಗ್ರಹವನ್ನೆಲ್ಲ ನಾಶಮಾಡಿದ ರಾಷ್ಟ್ರವೂ ಇದೇ. ತಡವಾದ ಆಲೋಚನೆಯೂ ಪೂರ್ಣವಾಗಿದ್ದರೆ ಫಲ ಕೊಡುತ್ತದೆ. ಲಿಬಿಯಾದ ಆಲೋಚನೆ ಪೂರ್ಣವಾಗಿರಲಿಲ್ಲ.

ನಿಯಮಗಳ ಮಿತಿ

ಇಷ್ಟರಿಂದ ಐದನೆಯ ವಿಧಿಯ ಮಿತಿಗಳು ತಾವಾಗಿಯೇ ಕಾಣುತ್ತವೆ. ಮೊದಲನೆಯದಾಗಿ, ಅದು ಘೋಷಿಸಿದುದನ್ನು ಚೆನ್ನಾಗಿ ಪರೀಕ್ಷಿಸುತ್ತದೆ. ಘೋಷಿಸದಿರುವುದನ್ನು ಕಾಣುವ ಕಣ್ಣು ಅದಕ್ಕೆ ದುರ್ಬಲ. ಅನುಮಾನವಿದ್ದಲ್ಲಿ ದಿಢೀರ್ ತಪಾಸಣೆಯನ್ನು ಕೋರುವ ಹಕ್ಕನ್ನು ಒಡಂಬಡಿಕೆಯ ಒಂಬತ್ತನೆಯ ವಿಧಿ ಕೊಟ್ಟಿದೆಯಾದರೂ ರಾಷ್ಟ್ರಗಳು ಅದನ್ನು ಚಲಾಯಿಸುವ ಧೈರ್ಯ ತೋರಿಲ್ಲ. ಹೇಳಿಕೊಂಡ ದೋಷಕ್ಕೆ ಹತ್ತು ವರ್ಷಗಳ ಕಾವಲು, ಹೇಳದ ದೋಷಕ್ಕೆ ಸೌಜನ್ಯದ ಮೌನ ಎಂಬಂತಾಗಿದೆ.

ಎರಡನೆಯದಾಗಿ, ಪರಿವರ್ತನೆಯ ನಿಯಮಗಳಲ್ಲಿ ಗಾಯಗೊಂಡವರಿಗೆ ಸ್ಥಾನವಿಲ್ಲ. ಪ್ರಾಯಶ್ಚಿತ್ತದಲ್ಲಿ ಕ್ಷಮಾಪಣೆ ಅನಿವಾರ್ಯ ಅಂಗ; ನೋಯಿಸಿದವನು ನೊಂದವರ ಎದುರಿಗೆ ನಿಲ್ಲಬೇಕು. ಇಲ್ಲಿ ಯಂತ್ರದ ಪಟ್ಟಿಯಿದೆ, ಕೊಳವೆಯ ಲೆಕ್ಕವಿದೆ, ದಿನಾಂಕವಿದೆ. ನೊಂದವರು ಎಲ್ಲಿಯೂ ಕಾಣುವುದಿಲ್ಲ. ಪರಿವರ್ತಿತ ಕಾರ್ಖಾನೆಯ ಮದ್ದಿನ ಒಂದು ಪಾಲು ವಿಷದಿಂದ ಬಳಲಿದವರಿಗೆ ಸಲ್ಲಬೇಕೆಂಬ ಒಂದು ಸಾಲಾದರೂ ಇದ್ದಿದ್ದರೆ ಪರಿವರ್ತನೆಯೆಂಬ ಶಬ್ದಕ್ಕೆ ಹೆಚ್ಚಿನ ಅರ್ಥ ಬರುತ್ತಿತ್ತು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಮೊದಲ ವಿಧಿಯಲ್ಲಿ ಕೃತ, ಕಾರಿತ, ಅನುಮತಗಳನ್ನು ಒಟ್ಟಾಗಿ ಹಿಡಿದ ಬರೆಹ, ಐದನೆಯ ವಿಧಿಗೆ ಬರುವ ಹೊತ್ತಿಗೆ ಕಾರ್ಖಾನೆ ನಿಂತಿರುವ ನೆಲದ ಒಡೆಯನೊಬ್ಬನನ್ನೇ ಹೊಣೆಮಾಡುತ್ತದೆ. ರಬ್ತಾವನ್ನು ಲಿಬಿಯಾ ಒಂದೇ ಕಟ್ಟಲಿಲ್ಲ. ನಕ್ಷೆ ಬರೆದವರು, ಯಂತ್ರ ಮಾರಿದವರು, ರಾಸಾಯನಿಕ ಸಾಗಿಸಿದವರು, ಕಂಡೂ ಕಾಣದಂತಿದ್ದ ಅಧಿಕಾರಿಗಳು ಇದ್ದರು. ಅವರ ಪೈಕಿ ಕೆಲವರು ತಮ್ಮ ದೇಶದ ಕಾನೂನಿನಡಿ ಶಿಕ್ಷೆಗೊಳಗಾದರು. ಉಳಿದವರ ಪಾಲಿಗೆ ಅದು ಮುಗಿದ ವ್ಯಾಪಾರ. ಮಾರಿದವರ ಲೆಕ್ಕದ ಪುಸ್ತಕ ಯಾವ ಪರಿವರ್ತನೆಗೂ ಒಳಗಾಗಲಿಲ್ಲ.

ಶ್ರಾವಕರ ಪಾಲಿನ ಪ್ರಶ್ನೆ

ಈ ಮೂರನೆಯ ಮಿತಿಯೇ ವಿಷಯವನ್ನು ಹೇಗ್ ನಗರದಿಂದ ಶ್ರಾವಕರ ಮನೆಯಂಗಳಕ್ಕೆ ತರುತ್ತದೆ. ಬಣ್ಣ, ರಾಸಾಯನಿಕ, ಔಷಧಗಳ ವ್ಯಾಪಾರದಲ್ಲಿ ತೊಡಗಿರುವ ಜೈನ ಕುಟುಂಬಗಳು ದೇಶದ ಹಲವೆಡೆ ಇವೆ. ಬಟ್ಟೆಗೆ ಬಣ್ಣ ಹಾಕುವಲ್ಲಿ, ಲೇಖನಿಯ ಶಾಯಿಯಲ್ಲಿ ಬಳಕೆಯಾಗುವ ಥಯೋಡೈಗ್ಲೈಕಾಲ್ ಎಂಬ ದ್ರವ ಒಡಂಬಡಿಕೆಯ ಎರಡನೆಯ ಪಟ್ಟಿಯಲ್ಲಿದೆ. ಸಾಸಿವೆ ಅನಿಲಕ್ಕೂ ಅದು ಮೂಲದ್ರವ್ಯವಾಗಬಲ್ಲದು. ಪೀಪಾಯಿಯ ಮೇಲಿನ ಹೆಸರು ಎರಡು ಕಡೆಯೂ ಒಂದೇ. ಭೇದವಿರುವುದು ಕೊಳ್ಳುವವನ ಉದ್ದೇಶದಲ್ಲಿ, ಮತ್ತು ಆ ಉದ್ದೇಶವನ್ನು ವಿಚಾರಿಸುವ ಮಾರುವವನ ಎಚ್ಚರದಲ್ಲಿ.

ಹಿಂಸಾದಾನವನ್ನು ಅನರ್ಥದಂಡಗಳಲ್ಲಿ ಒಂದೆಂದು ಎಣಿಸಿದ ಪೂರ್ವಾಚಾರ್ಯರು ಈ ಎಚ್ಚರವನ್ನೇ ಬೋಧಿಸಿದ್ದಾರೆ. ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ಕೊಡಬಾರದ ಹಿಂಸೋಪಕರಣಗಳನ್ನು ಹೇಳುವಾಗ ವಿಷವನ್ನೂ ಹೆಸರಿಸಿದ್ದಾರೆ. ಶ್ರಾವಕನಿಗೆ ನಿಷಿದ್ಧವಾದ ವೃತ್ತಿಗಳ ಸಾಲಿನಲ್ಲಿ ವಿಷವಾಣಿಜ್ಯವೂ ಸೇರಿದೆ. ಅಂದು ವಿಷವೆಂದರೆ ಕಣ್ಣಿಗೆ ಕಾಣುವ, ಹೆಸರಿನಿಂದಲೇ ತಿಳಿಯುವ ವಸ್ತು. ಇಂದು ಅದು ಬಿಡಿ ಬಿಡಿಯಾಗಿ, ನಿರಪರಾಧಿ ಹೆಸರುಗಳಲ್ಲಿ, ಹಲವು ಮಧ್ಯವರ್ತಿಗಳ ಕೈದಾಟಿ ಹೋಗುತ್ತದೆ. ಆದ್ದರಿಂದ ವಿಷವಾಣಿಜ್ಯದ ನಿಷೇಧವನ್ನು ನಾಮನಿಕ್ಷೇಪದಲ್ಲಿ ಪಾಲಿಸಿದರೆ ಸಾಲದು, ಭಾವನಿಕ್ಷೇಪದಲ್ಲಿ ಪಾಲಿಸಬೇಕು. ಭಾರತ ಸರಕಾರ 2000ದಲ್ಲಿ ತಂದ ರಾಸಾಯನಿಕ ಅಸ್ತ್ರ ಒಡಂಬಡಿಕೆ ಅಧಿನಿಯಮ ಪಟ್ಟಿಯಲ್ಲಿರುವ ವಸ್ತುಗಳ ಲೆಕ್ಕವನ್ನು ಒಪ್ಪಿಸಲು ಹೇಳುತ್ತದೆ. ಅವುಗಳ ರಫ್ತಿಗೂ ನಿರ್ಬಂಧಗಳಿವೆ. ಅಂತಿಮ ಬಳಕೆಯ ಪ್ರಮಾಣಪತ್ರವನ್ನು ಪಡೆಯುವುದು ಬೇಸರದ ಕಾಗದಕೆಲಸವೆಂದು ಗೊಣಗುವವರು, ವಸ್ತುವನ್ನು ಎತ್ತುವಾಗಲೂ ಇಡುವಾಗಲೂ ಜೀವವಿದೆಯೇ ಎಂದು ನೋಡಿ ನಡೆಯುವ ಮುನಿಗಳ ಸಮಿತಿಯನ್ನು ಸ್ಮರಿಸಬಹುದು. ಪಿಂಛಿಯಿಂದ ನೆಲವನ್ನು ಸವರುವ ಆ ಎಚ್ಚರಕ್ಕೆ ವ್ಯಾಪಾರಿಯ ಮಳಿಗೆಯಲ್ಲಿ ಸಿಗುವ ರೂಪ ಇದೇ.

ಬಸದಿಗಳ ಧರ್ಮದರ್ಶಿ ಮಂಡಳಿಗಳೂ ಇದರಿಂದ ಹೊರತಲ್ಲ. ದಾನಕ್ಕೆ ಯೋಗ್ಯವಾದುದು ನ್ಯಾಯೋಪಾರ್ಜಿತ ದ್ರವ್ಯವೆಂದು ಪ್ರವಚನಗಳಲ್ಲಿ ಕೇಳಿಬರುತ್ತದೆ. ಶಿಲಾಫಲಕದ ಮೇಲೆ ದಾನಿಯ ಹೆಸರನ್ನು ಕೆತ್ತಿಸುವಾಗ ಆ ಮಾತನ್ನು ವಿಚಾರಿಸುವ ವಾಡಿಕೆ ಕಡಿಮೆ. ದಾನಿಯನ್ನು ಅವಮಾನಿಸುವ ತನಿಖೆ ಯಾರಿಗೂ ಬೇಕಿಲ್ಲ. ಆದರೆ ದೊಡ್ಡ ಮೊತ್ತವನ್ನು ಸ್ವೀಕರಿಸುವ ಮೊದಲು ಅದು ಯಾವ ವ್ಯವಹಾರದಿಂದ ಬಂದುದೆಂದು ಕೇಳುವುದೂ, ಕೇಳಿದಾಗ ದಾನಿ ಪ್ರಸನ್ನತೆಯಿಂದ ಹೇಳುವುದೂ ಸಂಪ್ರದಾಯವಾದರೆ, ದಾನದ ಗೌರವ ಹೆಚ್ಚುವುದೇ ಹೊರತು ಕುಗ್ಗುವುದಿಲ್ಲ. ಪ್ರಭುತ್ವಗಳು ತಮ್ಮ ಕಾರ್ಖಾನೆಯ ಬಾಗಿಲನ್ನು ಹತ್ತು ವರ್ಷ ಪರರಿಗೆ ತೆರೆದಿಡಲು ಒಪ್ಪಿರುವಾಗ, ಶ್ರಾವಕನು ತನ್ನ ಲೆಕ್ಕದ ಪುಸ್ತಕವನ್ನು ಸಂಘಕ್ಕೆ ತೆರೆಯಲು ಸಂಕೋಚಪಡಬೇಕಾಗಿಲ್ಲ.

2023ರ ಜುಲೈ 7ರಂದು ಅಮೆರಿಕದಲ್ಲಿ ಕೊನೆಯ ಅಸ್ತ್ರ ನಾಶವಾದಾಗ, ಅಲ್ಲಿಯವರೆಗೆ ಸದಸ್ಯರಾಷ್ಟ್ರಗಳು ಘೋಷಿಸಿದ್ದ 72,000ಕ್ಕೂ ಹೆಚ್ಚು ಟನ್ ವಿಷಾಸ್ತ್ರಗಳ ನಾಶ ಪೂರ್ಣವಾಯಿತು. ಮನುಷ್ಯಕುಲ ತಾನೇ ಮಾಡಿದ ಒಂದು ಬಗೆಯ ಅಸ್ತ್ರವನ್ನು ಒಪ್ಪಂದದಿಂದ, ಎಣಿಸಿ ಎಣಿಸಿ, ಇಷ್ಟರಮಟ್ಟಿಗೆ ಇಲ್ಲವಾಗಿಸಿದ್ದು ಸಣ್ಣ ಸಾಧನೆಯಲ್ಲ. ಆದರೆ ಆ ವಾಕ್ಯದಲ್ಲಿ 'ಘೋಷಿಸಿದ್ದ' ಎಂಬ ಶಬ್ದ ಇರಲೇಬೇಕಾಗಿರುವುದು ರಬ್ತಾ ಕಲಿಸಿದ ಪಾಠ. ಐದನೆಯ ವಿಧಿ ಯಂತ್ರಗಳ ಪರಿವರ್ತನೆಗೆ ಉತ್ತಮ ಶಾಸ್ತ್ರ. ಹೊರಗಿನ ಪರೀಕ್ಷಕ ಮಾಡಬಹುದಾದುದನ್ನು ಅದು ಬಹುಮಟ್ಟಿಗೆ ಮಾಡಿದೆ. ಘೋಷಣೆಯ ಪಟ್ಟಿಯಲ್ಲಿ ಬರೆಯದೆ ಉಳಿದ ಸಾಲನ್ನು ತುಂಬಬೇಕಾದವನು ಮಾತ್ರ ಅದನ್ನು ಬಚ್ಚಿಟ್ಟವನೇ.